ಮುಟ್ಟು ಬರಿಸುವ ಮಾತ್ರೆ

ನನ್ನ ಮುಟ್ಟು ಯಾವಾಗ ಎನ್ನುವುದು ನನಗಿಂತ ನನ್ನ ಅತ್ತೆಗೇ ಚೆನ್ನಾಗಿ ಗೊತ್ತಿತ್ತು. ಸಂಡೂರಿನ ಆ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿತ್ತಲ ಕಟ್ಟೆಯ ಮೇಲೆ ಕೂರಬೇಕು. ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ. ಯಶವಂತನಗರದ ಗಣಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ದುಡಿದು ಬರುವ ನನಗೆ ಆ ಪದ್ಧತಿ ಕಂಡರೆ ಮೈ ಉರಿಯುತ್ತಿತ್ತು. ಆದರೂ ಕೂರುತ್ತಿದ್ದೆ. ನಾನು ಎರಡು ತಿಂಗಳು ಹೊರಗೆ ಕೂರದಿದ್ದರೆ ಇಡೀ ಓಣಿಗೆ ಸುದ್ದಿ.

ಮದುವೆಯಾದ ಮೂರನೇ ವರ್ಷ ಹಾಗೇ ಆಯಿತು. ಮುಟ್ಟು ಬರಲಿಲ್ಲವೆಂದು ಅತ್ತೆ ಅಕ್ಕಪಕ್ಕದವರಿಗೆ ಸಕ್ಕರೆ ಹಂಚಿ ಬಂದರು. "ಇನ್ನೂ ಪರೀಕ್ಷೆ ಮಾಡಿಸಿಲ್ಲರಿ ಅತ್ತಿ" ಎಂದೆ.

"ನಾಕು ಹಡೆದಾಕಿ ನಾನು. ನನಗ ಹೇಳಾಕ ಬರ್ತಿಯೇನು?"

ನನ್ನ ಗದ್ದದ ಗಡಸು ಕೂದಲು, ಏರುತ್ತಿದ್ದ ತೂಕ ನೋಡಿ "ಗಂಡಸಿನಂಗ ಆಗಾಕತ್ತಿ" ಎಂದು ಆಡಿಕೊಂಡಿದ್ದವರೂ ಇವರೇ. ಈಗ ಅದೇ ಮುಖದಲ್ಲಿ ಅವರಿಗೆ ಬಸುರಿಯ ಕಳೆ ಕಾಣಿಸಿತು.

ಗಂಡನನ್ನು ಕರೆದುಕೊಂಡು ಹೊಸಪೇಟೆಯ ಡಾಕ್ಟರಮ್ಮನ ಹತ್ತಿರ ಹೋದೆ. ಬಸಿರು ಇರಲಿಲ್ಲ. ಸ್ಕ್ಯಾನ್ ನೋಡಿ ಅವರು ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು. "ಇದು ಪಿಸಿಓಎಸ್. ತಿಂಗಳಿಗೊಂದು ಅಂಡ ಬಲಿತು ಹೊರಗ ಬರಬೇಕು. ನಿಮ್ಮಲ್ಲಿ ಭಾಳ ಅಂಡ ಬೆಳಿಯಾಕ ಶುರುವಾಗಿ ಅರ್ಧಕ್ಕ ನಿಂತಾವ. ಇನ್ಸುಲಿನ್ ಮೈಗೆ ಸರಿಯಾಗಿ ಹತ್ತವಲ್ದು, ಅದಕ್ಕ ಗಂಡಸರ ಹಾರ್ಮೋನು ಏರೈತಿ. ಕೂದಲು ಬರೋದು, ಮುಟ್ಟು ತಪ್ಪೋದು ಎಲ್ಲಾ ಅದರಿಂದನ. ಅಂಡ ಹೊರಗ ಬರಲಿಲ್ಲಂದ್ರ ಬಸಿರು ಹ್ಯಾಂಗ ನಿಲ್ಲಬೇಕು? ಆದರ ಮಕ್ಕಳಾಗಂಗಿಲ್ಲ ಅಂತ ತಿಳೀಬ್ಯಾಡ್ರಿ, ಔಷಧ ಐತಿ."

ಮೊದಲು ಮುಟ್ಟು ಬರಿಸಲು ಐದು ದಿನದ ಮಾತ್ರೆ. ಮುಟ್ಟಾದ ಎರಡನೇ ದಿನದಿಂದ ಅಂಡ ಬಲಿಯಲು ಬೇರೆ ಮಾತ್ರೆ. ಗಂಡನಿಗೂ ಒಂದು ವೀರ್ಯ ಪರೀಕ್ಷೆ ಬರೆದುಕೊಟ್ಟರು. ಬಸಿರಿಲ್ಲವೆಂದು ಅವ್ವನಿಗೆ ತಾನೇ ಹೇಳುತ್ತೇನೆಂದು ಅವನು ಚೀಟಿ ಮಡಚಿ ಜೇಬಿಗಿಟ್ಟ. ನನಗೋ ಹೇಳತೀರದ ಹಿಗ್ಗು. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಗು ಬೇಕಾಗಿದ್ದದ್ದು ನನಗೆ.

ಐದು ದಿನದ ಮಾತ್ರೆ ಮುಗಿಸಿದ ಮೇಲೆ ಮುಟ್ಟಾಯಿತು. ಹೊರಗೆ ಹೋಗಿ ಕೂತೆ. ಅತ್ತೆ ನನ್ನ ಚೀಲ ಜಾಲಾಡಿ, ಖಾಲಿ ಮಾತ್ರೆ ಹಾಳೆ ಹಿಡಿದು ಮೆಡಿಕಲ್ ಶಾಪಿಗೆ ಹೋದರು. ಇದು ಯಾತಕ್ಕೆ ಎಂದು ಕೇಳಿದ್ದಕ್ಕೆ ಅಂಗಡಿಯವನು "ಮುಟ್ಟು ಬರಿಸಾಕ" ಎಂದನಂತೆ. ಅಷ್ಟೇ ಸಾಕಾಯಿತು.

"ಕೈಗೆ ಬಂದ ತುತ್ತು ಬಾಯಿಗೆ ಬರದಂಗ ಮಾಡಿಬಿಟ್ಟೆಲ್ಲ! ಗುಳಿಗಿ ನುಂಗಿ ಕೂಸು ಕೊಂದ್ಯಲ್ಲ!"

ಓಣಿಯ ಹೆಂಗಸರೆಲ್ಲ ಹಿತ್ತಲಿಗೆ ಬಂದರು. ಅತ್ತೆಯ ಅಳು ನಾಟಕವಾಗಿರಲಿಲ್ಲ. ಇಲ್ಲದ ಮೊಮ್ಮಗುವಿಗಾಗಿ ಆ ಹೆಂಗಸು ನಿಜವಾಗಿಯೂ ಎದೆ ಎದೆ ಬಡಿದುಕೊಂಡು ಅತ್ತರು. ನಾನು ಕಟ್ಟೆಯಿಂದಲೇ ಕೂಗಿ ಹೇಳಿದೆ: "ಹೊಟ್ಟ್ಯಾಗ ಏನೂ ಇರಲಿಲ್ಲರಿ. ನಿಮ್ಮ ಮಗನ್ನ ಕೇಳ್ರಿ, ಡಾಕ್ಟರ್ ಮುಂದ ಕುಂತು ಕೇಳ್ಯಾರ." ಎಲ್ಲರೂ ಅವನ ಕಡೆ ನೋಡಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಹೆಂಗಸರಿಗೆ ಅದೇ ಉತ್ತರವಾಯಿತು.

ಮರುದಿನ ಬೆಳಿಗ್ಗೆ ಗಂಡ ಹಿತ್ತಲಿಗೆ ಬಂದ. ಮೈಲಿಗೆಯಲ್ಲವೇ, ಎರಡನೇ ದಿನದಿಂದ ನುಂಗಬೇಕಿದ್ದ ಅಂಡ ಬಲಿಯುವ ಮಾತ್ರೆಯನ್ನೂ ನೀರಿನ ಲೋಟವನ್ನೂ ದೂರದಲ್ಲಿಟ್ಟು ಕಾಲಿನಿಂದ ನನ್ನ ಕಡೆ ಸರಿಸಿದ.

"ನಿನ್ನೆ ಯಾಕ ಸುಮ್ಮನಿದ್ರಿ?" ಎಂದೆ.

"ಹೋಗ್ಲಿ ಬಿಡು. ಒಮ್ಮೆ ಬಸಿರು ನಿಂತು ಆಮ್ಯಾಲೆ ಹೋತು ಅಂದ್ರ ಮಂದಿ ನನ್ನ ಮ್ಯಾಲೆ ಬೆರಳು ಮಾಡಂಗಿಲ್ಲ. ಆ ಪರೀಕ್ಷೆನೂ ಬೇಕಾಗಂಗಿಲ್ಲ."

ಅವನ ದನಿಯಲ್ಲಿ ಸಮಾಧಾನವಿತ್ತು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವನು ಗಂಡಸೆನಿಸಿಕೊಳ್ಳಲು ನಾನು ಕೊಲೆಗಾರ್ತಿಯಾದರೂ ನಡೆಯುತ್ತದೆ. ಅತ್ತೆಗೆ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು.

ಲೋಟ ತೆಗೆದುಕೊಂಡು ನೀರು ಕುಡಿದೆ. ಕಟ್ಟೆಯಿಂದ ಇಳಿದು, ಮಾತ್ರೆಯನ್ನು ಅವನು ಹಿಂದೆ ಸರಿಯುವ ಮೊದಲೇ ಅವನ ಅಂಗೈಯಲ್ಲಿ ಒತ್ತಿಟ್ಟು ಬೆರಳು ಮಡಚಿದೆ.

"ನನಗ ಮಗು ಬೇಕು," ಎಂದೆ. "ನಿಮ್ಮದು ಬ್ಯಾಡ."