ನೀಲಕ್ಕನ ಶಿಸ್ತು

ನೀಲಕ್ಕನಿಗೆ ಮಕ್ಕಳೆಂದರೆ ಹೇಸಿಗೆ. ಮಕ್ಕಳನ್ನು ನೋಡಿಕೊಳ್ಳುವುದು ಅವಳ ಉದ್ಯೋಗ. ಸಿಂಬಳ ಸುರಿಸುತ್ತ ಬಂದ ಕೂಸಿನ ರಟ್ಟೆಯನ್ನು ಎರಡೇ ಬೆರಳಲ್ಲಿ ಹಿಡಿದು ಒಳಗೆ ಬಿಟ್ಟುಕೊಂಡು, ಆ ಬೆರಳು ತೊಳೆದುಕೊಂಡು, ಆಮೇಲೆ ತಾಯಿಯ ಕಡೆ ತಿರುಗಿ ನಗುತ್ತಿದ್ದಳು. ಆ ನಗೆಗೆ ಬ್ಯಾಡಗಿಯ ನಮ್ಮ ಓಣಿಯೇ ಮರುಳಾಗಿತ್ತು. ನಾನೂ ಮರುಳಾಗಿದ್ದೆ, ಮುಚ್ಚಿಡುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಓಣಿಯ ಹೆಂಗಸರು ಬೆಳಗಾದರೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದರು. ನಾನು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಪಾಕೀಟು ತುಂಬಲು ಬಸ್ಸು ಹತ್ತುತ್ತಿದ್ದೆ. ಮಕ್ಕಳೆಲ್ಲ ನೀಲಕ್ಕನ ಪಡಸಾಲೆಯಲ್ಲಿ, ಗೋಡೆಗೆ ಬೆನ್ನು ಹಚ್ಚಿ, ಕೈಕಟ್ಟಿ ಕೂಡಬೇಕು. 'ನನ್ನ ಮನ್ಯಾಗ ಕೂಸು ಅಳೂದಿಲ್ರಿ. ಶಿಸ್ತು ಅಂದ್ರ ಶಿಸ್ತು,' ಎನ್ನುತ್ತಿದ್ದಳು. ತನ್ನ ಇಸ್ತ್ರಿ ಸೀರೆಯೊಂದನ್ನು ಬಿಟ್ಟು ಲೋಕದಲ್ಲಿ ಯಾವುದರ ಮೇಲೂ ಅಕ್ಕರೆಯಿಲ್ಲದ ಈ ಮಹಾತಾಯಿ ನಮಗೆಲ್ಲ ಮಕ್ಕಳನ್ನು ಬೆಳೆಸುವ ಉಪದೇಶ ಮಾಡುತ್ತಿದ್ದಳು.

ಅವಳ ಶಿಸ್ತಿನ ಗುಟ್ಟು ಓಣಿಯ ಹಳಬರಿಗೆಲ್ಲ ಗೊತ್ತಿತ್ತು. ಹಠ ಮಾಡಿದ ಮಗುವನ್ನು ಅಡುಗೆಮನೆಯಲ್ಲಿ ಕೂಡಿಹಾಕಿ ಕೆಂಡಕ್ಕೆ ಒಣಮೆಣಸಿನಕಾಯಿ ಎಸೆಯುವುದು. ನಮ್ಮಲ್ಲಿ ಇದೇನು ಹೊಸದಲ್ಲ. ದೃಷ್ಟಿ ತೆಗೆಯಲೂ ಮೆಣಸಿನಕಾಯಿ, ಹಠ ಬಿಡಿಸಲೂ ಮೆಣಸಿನಕಾಯಿ. ನನ್ನ ಮಗಳು ಊಟಕ್ಕೆ ಹಠ ಹಿಡಿದಾಗ ನಾನೇ ಹೋಗಿ, 'ನೀಲಕ್ಕಾ, ಒಮ್ಮೆ ಹೊಗಿ ತೋರಸ್ರಿ ಇಕಿಗೆ,' ಎಂದಿದ್ದೆ. ಮಗಳು ಸಂಜೆ ಕೆಮ್ಮುತ್ತ ಬಂದು ತುಟಿ ಪಿಟಕ್ಕೆನ್ನದೆ ಉಂಡಳು. ನನಗೆ ಖುಷಿಯೇ ಆಯಿತು. ಕದರಮಂಡಲಗಿಯಿಂದ ಹೊಸದಾಗಿ ಬಂದ ಎದುರುಮನೆಯ ರೇಣವ್ವ ತನ್ನ ಮೂರು ವರ್ಷದ ದೀಪಾಳನ್ನು ಎಲ್ಲಿ ಬಿಡಲಿ ಎಂದು ಕೇಳಿದಾಗ, 'ನೀಲಕ್ಕನ ಕಡೆ ಬಿಡು, ಚಿಂತಿ ಬ್ಯಾಡ,' ಎಂದವಳೂ ನಾನೇ. ಹೊಗೆಯ ಸುದ್ದಿ ಎತ್ತಲಿಲ್ಲ.

ದೀಪಾಳಿಗೆ ನೆಗಡಿಯಾದರೆ ಉಬ್ಬಸ ಬರುತ್ತಿತ್ತು. 'ಕೂಸಿಗೆ ದಮ್ಮು ಐತ್ರಿ, ಅಳಸಬ್ಯಾಡ್ರಿ,' ಎಂದು ರೇಣವ್ವ ಹೇಳಿ ಹೋದ ದಿನವೇ ದೀಪಾ ಅವ್ವ ಬೇಕೆಂದು ಅತ್ತಳು. ಅವತ್ತು ನನಗೆ ರಜೆ. ಪಕ್ಕದ ನೀಲಕ್ಕನ ಮನೆಯಿಂದ ಘಾಟು ಬಂತು, ಕೆಮ್ಮು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಹಠ ಇಳಿಯಿತು ಎಂದುಕೊಂಡೆ. ಬಟ್ಟೆ ತರಲು ಹಿತ್ತಲಿಗೆ ಹೋದರೆ, ನೀಲಕ್ಕನ ಒಗೆಯುವ ಕಲ್ಲಿನ ಪಕ್ಕ ದೀಪಾ ಮೈಚೆಲ್ಲಿ ಬಿದ್ದಿದ್ದಳು. ನೀಲಕ್ಕ ಬೂದಿಯನ್ನು ಗಟಾರಕ್ಕೆ ಸುರಿದು ನೀರು ಹೊಯ್ಯುತ್ತಿದ್ದಳು. ಮೊದಲು ಬೂದಿ, ಆಮೇಲೆ ಕೂಸು! ನಾನು ಎತ್ತಿಕೊಂಡು ಓಡಿದೆ. ದವಾಖಾನೆಯ ಬಾಗಿಲಲ್ಲೇ ಎಲ್ಲ ಮುಗಿದುಹೋಯಿತು.

ಕೇಸು ಹಾವೇರಿಯ ಕೋರ್ಟಿಗೆ ಹೋಯಿತು. ಓಣಿಯವರು ತಾವು ಹೊಗೆಯನ್ನೇ ಕಂಡಿಲ್ಲ ಎಂದರು. ತಮ್ಮ ಮಕ್ಕಳಿಗೆ ಹೊಗೆ ಹಾಕಿಸಿದವರಲ್ಲಿ ಅವರೂ ಇದ್ದರಲ್ಲ. ನಾನೂ ಬಾಯಿ ಬಿಡದಿದ್ದರೆ ಕೂಸು ಜಡ್ಡಿನಿಂದ ಸತ್ತಿತೆಂದು ನೀಲಕ್ಕ ಪಾರಾಗುತ್ತಿದ್ದಳು. 'ಬ್ಯಾಡಗಿ ಕಾಯಿ ರೀ ಸಾಹೇಬ್ರ. ಬರೇ ಬಣ್ಣ, ಖಾರ ಎಲ್ಲಿರತೈತಿ?' ಎಂದಳು ಕಟಕಟೆಯಲ್ಲಿ ನಿಂತು. ಊರಿನ ಹೆಸರನ್ನೂ ಬಿಡಲಿಲ್ಲ ಆ ಖೋಡಿ.

ನನ್ನ ಸಾಕ್ಷಿಯ ದಿನ ಅವಳ ವಕೀಲ ಕೇಳಿದ: 'ನಿಮ್ಮ ಮಗಳಿಗೂ ಹೊಗಿ ಹಾಕಿದ್ರಲ್ಲ? ಆವಾಗ ಯಾಕ ಸುಮ್ನಿದ್ರಿ?'

ಹಿಂದಿನ ಬೆಂಚಿನಲ್ಲಿ ರೇಣವ್ವ ಇದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ. 'ನಾನ ಹಾಕಿಸಿದ್ನಿರಿ,' ಎಂದೆ.

ಶಿಕ್ಷೆಯಾಯಿತು. ಅಲ್ಲಿಯವರೆಗೆ ಜಾಮೀನಿನ ಮೇಲಿದ್ದ ನೀಲಕ್ಕನನ್ನು ಪೊಲೀಸರು ಕರೆದೊಯ್ಯುವಾಗ ಅವಳು ನನ್ನ ಹತ್ತಿರ ನಿಂತಳು. ದೀಪಾಳ ಹೆಸರು ಹೇಳುತ್ತಾಳೇನೋ ಎಂದುಕೊಂಡೆ. 'ಹಿತ್ತಲದಾಗ ಸೀರಿ ಒಣಹಾಕೇನಿ, ಮಡಚಿ ಇಡ್ರಿ,' ಎಂದಳು. ಅವಳ ಮುಖ ಕಂಡದ್ದು ಅದೇ ಕೊನೆ.

ಊರಿಗೆ ಮರಳುವ ಬಸ್ಸಿನಲ್ಲಿ ರೇಣವ್ವನ ಪಕ್ಕದ ಜಾಗ ಖಾಲಿಯಿತ್ತು. ಮೋಟೆಬೆನ್ನೂರು ಬರುವವರೆಗೂ ನಾನು ನಿಂತೇ ಇದ್ದೆ. ಕೊನೆಗೆ ಅವಳೇ ಸರಿದು ಕುಳಿತಳು.

'ಕುಂದ್ರಿ ಅಕ್ಕಾರ. ನೀವು ಹೇಳಿದ್ದಕ್ಕ ಅಕಿಗೆ ಶಿಕ್ಷಾ ಆತು.'

ಕುಳಿತೆ. ಅವಳು ಕಿಟಕಿಯ ಕಡೆ ತಿರುಗಿ ಹೇಳಿದಳು:

'ನೀವು ಹೇಳಿದ್ರಿ ಅಂತನ ನಾನೂ ಅಲ್ಲಿ ಬಿಟ್ಟಿದ್ನಿ.'