ಲತಾಮಣಿಯವರ ವಿಂಗಡಣೆ

ರಾಮನಗರದ ಸೀಮೆಯಲ್ಲಿ ಹೆರಿಗೆ ಮಾಡಿಸಿದ ವೈದ್ಯರನ್ನು ಜನ ಮೂರು ತಲೆಮಾರು ನೆನೆಯುತ್ತಾರೆ. ಆ ಹೆರಿಗೆಯ ಕಾಗದವನ್ನು ಜೋಪಾನ ಮಾಡಿದವರನ್ನು ನೆನೆಯುವ ರೂಢಿಯಿಲ್ಲ. ಊರಿನ ಹಳೆಯ ಹೆರಿಗೆ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಮೂವತ್ತಮೂರು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಲತಾಮಣಿಯವರು ಅಂಥ ನೆನಪನ್ನು ಬಯಸಿದವರೂ ಅಲ್ಲ. ಆದರೆ ಕಡತ ಕಾಯುವ ಕೆಲಸಕ್ಕೂ ಜೀವ ಕಾಯುವ ಕೆಲಸಕ್ಕೂ ನಡುವೆ ಎಷ್ಟು ತೆಳುವಾದ ಗೋಡೆಯಿದೆ ಎಂಬುದನ್ನು ಅವರಷ್ಟು ಬಲ್ಲವರು ಈ ಕಡೆ ಕಡಿಮೆ.

ವಿಂಗಡಣೆ ಎಂಬ ಮಾತನ್ನು ಅವರು ಕಲಿತದ್ದು ಚನ್ನಪಟ್ಟಣದ ತಮ್ಮ ತವರುಮನೆಯಲ್ಲಿ. ತಾಯಿ ಸರಸಮ್ಮನವರು ರೇಷ್ಮೆ ನೂಲು ತೆಗೆಯುವ ಕಡೆ ಗೂಡು ಆರಿಸುತ್ತಿದ್ದರು: ಕಲೆ ಬಿದ್ದದ್ದು ಒಂದು ಮಂಕರಿಗೆ, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಇನ್ನೊಂದಕ್ಕೆ. ಬಿತ್ತನೆಯ ರಾಗಿಗೂ, ಮದುವೆಗೆ ಕರೆಯಬೇಕಾದ ನೆಂಟರಿಗೂ ಅದೇ ಮಾತು. ಬೇರೆ ಬೇರೆ ಮಾಡುವುದು ಎಂದು ನಿಘಂಟು ಹೇಳಿ ಸುಮ್ಮನಾಗುತ್ತದೆ. ಸರಸಮ್ಮನವರು ಅಷ್ಟಕ್ಕೆ ಬಿಡುತ್ತಿರಲಿಲ್ಲ. "ಬೇರೆ ಮಾಡಿಟ್ರೆ ಆಗೋಯ್ತಾ? ಬೇಕು ಅಂದಾಗ ಕೈ ತಾನಾಗೇ ಅಲ್ಲಿಗೆ ಹೋಗ್ಬೇಕು ಕಣವ್ವ. ಅದು ಇಂಗಡ್ಸೋದು ಅಂದ್ರೆ."

ತೊಂಬತ್ತಮೂರರಲ್ಲಿ ಲತಾಮಣಿಯವರು ಕೆಲಸಕ್ಕೆ ಸೇರಿದಾಗ ಕಡತಗಳು ತಾರೀಖಿನ ಪ್ರಕಾರ ಮೂಟೆಯಲ್ಲಿದ್ದವು. ತಾರೀಖು ಯಾರಿಗೆ ನೆನಪಿರುತ್ತದೆ? "ರಾಗಿ ಕುಯ್ಲಲ್ಲಿ ಹುಟ್ಟಿದ್ದು" ಎನ್ನುವವರೇ ಹೆಚ್ಚು. ಲತಾಮಣಿಯವರು ಮೂಟೆಗಳನ್ನು ಬಿಚ್ಚಿಸಿದರು. ಕೋಣೆಯ ನಾಲ್ಕು ಗೋಡೆಗೆ ನಾಲ್ಕು ತಾಲ್ಲೂಕು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಊರಿಗೊಂದು ಸಾಲು. ಊರಿನ ಹೆಸರು ಹೇಳಿದರೆ ಕಡತ ಕೈಗೆ ಬರುತ್ತಿತ್ತು. ಮಗು ಉಳಿಯದೆ ಹೋದ ತಾಯಿಯ ಹೆಸರನ್ನು ಮಾತ್ರ ಅವರು ಒಮ್ಮೆಯೂ ಕಿಟಕಿಯಿಂದ ಕೂಗಿದ್ದಿಲ್ಲ. ಕಡತವನ್ನು ಸೆರಗಿನಲ್ಲಿ ಮರೆ ಮಾಡಿಕೊಂಡು ಬೆಂಚಿನವರೆಗೂ ಹೋಗಿ ಕೊಟ್ಟು, ಒಂದು ಗಳಿಗೆ ಪಕ್ಕದಲ್ಲಿ ಕುಳಿತು ಬರುತ್ತಿದ್ದರು.

ಎರಡು ವರ್ಷದ ಕೆಳಗೆ ಒಂದು ಮಧ್ಯಾಹ್ನ ಆ ಕ್ರಮವೇ ಅವರ ಕೈಬಿಟ್ಟಿತು.

ಕೈಲಾಂಚದ ದೇವರಾಜು ಎಂಬವರು ತುಂಬು ಗರ್ಭಿಣಿ ಹೆಂಡತಿ ಮಮತಾಳನ್ನು ಆಟೋದಲ್ಲಿ ತಂದಿಳಿಸಿದರು. ರಕ್ತ ಹರಿಯುತ್ತಿತ್ತು, ಎಚ್ಚರ ತಪ್ಪುತ್ತಿತ್ತು, ಕೂಡಲೇ ಆಪರೇಷನ್ ಆಗಬೇಕಿತ್ತು. ಅಷ್ಟರಲ್ಲಿ ಅತ್ತೆ ಮಾರಮ್ಮ, ಮೊದಲ ಹೆರಿಗೆಯಲ್ಲಿ ಯಾವುದೋ ಇಂಜೆಕ್ಷನ್ನಿಗೆ ಸೊಸೆಗೆ ಉಸಿರು ಕಟ್ಟಿತ್ತಂತೆ ಎಂದರು. ಯಾವ ಇಂಜೆಕ್ಷನ್? ಯಾರಿಗೂ ತಿಳಿಯದು. ಆ ಹೆರಿಗೆಯೂ ಇದೇ ಆಸ್ಪತ್ರೆಯಲ್ಲೇ ಆಗಿತ್ತು. ಆದರೆ ಆರು ವರ್ಷದ ಹಿಂದಿನ ಕಡತ ಕಂಪ್ಯೂಟರಿಗೆ ಏರಿರಲಿಲ್ಲ. ಡಾಕ್ಟರ್ ಯೋಗಾನಂದ ಅವರು ಸ್ವತಃ ದಾಖಲೆ ಕೋಣೆಯ ಬಾಗಿಲಿಗೆ ಬಂದರು.

"ಹತ್ತೇ ನಿಮಿಷ, ಲತಾಮಣಿಯವರೇ. ಅದಕ್ಕಿಂತ ಹೆಚ್ಚು ಕಾಯೋ ಹಾಗಿಲ್ಲ. ಗೊತ್ತಿಲ್ಲದೆ ಚುಚ್ಚೋದಕ್ಕೂ ಧೈರ್ಯ ಇಲ್ಲ."

ಕೈಲಾಂಚದ ಸಾಲಿನಲ್ಲಿ ಏಳು ಮಂದಿ ಮಮತಾ ಇದ್ದರು. ಯಾರ ಗಂಡನೂ ದೇವರಾಜು ಅಲ್ಲ. ಮತ್ತೊಮ್ಮೆ ಮೊದಲಿಂದ ನೋಡಿದರು. ಪಕ್ಕದ ಊರುಗಳ ಸಾಲಿನಲ್ಲಿ ಬೆರೆತಿರಬಹುದೇ ಎಂದು ಅವನ್ನೂ ಎಳೆದರು. ಐದು ನಿಮಿಷ ಕಳೆದಿತ್ತು.

"ಇಲ್ಲೇ ಕಣಮ್ಮ ಆಗಿದ್ದು!" ದೇವರಾಜು ಕೂಗಾಡಿದರು. "ಏನು, ಇಲಿ ತಿಂದ್ಬುಡ್ತಾ?"

"ಸುಮ್ಕಿರ್ಲಾ," ಎಂದು ಮಾರಮ್ಮ ಮಗನನ್ನು ಗದರಿದರು. "ನೀನು ಬಾಯಿ ಮಾಡುದ್ರೆ ಕಾಗ್ದ ಎದ್ದು ಬಂದ್ಬುಡ್ತದಾ?"

ಆ ಅಜ್ಜಿ ನಿಂತೇ ಇರುವುದನ್ನು ಕಂಡು ಲತಾಮಣಿಯವರು ಆ ಆತುರದಲ್ಲೂ ತಮ್ಮ ಸ್ಟೂಲನ್ನು ಅವರತ್ತ ತಳ್ಳಿದರು. ಮಾರಮ್ಮ ಕುಸಿದು ಕುಳಿತು, "ನಾವಾದ್ರೂ ಜತೇಲಿದ್ರೆ ಯಾವ ಸೂಜಿ ಅಂತ ಕೇಳ್ಕೊಂಡಿರ್ತಿದ್ವು," ಎಂದು ಕಣ್ಣೊರೆಸಿಕೊಂಡರು.

ಲತಾಮಣಿಯವರ ಕೈ ನಿಂತಿತು. "ನೀವು ಜೊತೇಲಿರ್ಲಿಲ್ವಾ? ಸೇರಿಸಿದ್ದು ಯಾರು?"

"ಅವರಪ್ಪ ಕಣವ್ವ. ಚೊಚ್ಚಲು ಬಾಣಂತನ ತವರಲ್ಲಿ ತಾನೆ?"

"ಯಾವೂರು?"

"ಕಲ್ಯ."

ಅವರು ಆಗಲೇ ಮಾಗಡಿಯ ಗೋಡೆಗೆ ತಿರುಗಿದ್ದರು. ಕಲ್ಯದ ಸಾಲು, ಕೆಳಗಿನಿಂದ ನಾಲ್ಕನೆಯದು: ಮಮತಾ, ತಂದೆ ಗಂಗಯ್ಯ. ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಆ ಔಷಧಿಯ ಹೆಸರು. ಮೊಣಕಾಲು ನೋವಿನ ಲತಾಮಣಿಯವರು ಓಡಿದ್ದನ್ನು ಆಸ್ಪತ್ರೆ ಅಂದು ಮೊದಲ ಸಲ ಕಂಡಿತು. ಆಪರೇಷನ್ ಕೋಣೆಯ ಬಾಗಿಲಲ್ಲಿ ದಾದಿ ಅಮೀರುನ್ನೀಸಾ ಹಿಡಿದಿದ್ದ ತಟ್ಟೆಯಲ್ಲಿ ಹತ್ತು ನಿಮಿಷ ಮೀರಿದರೆ ಕೊಡಲೆಂದು ಅದೇ ಔಷಧಿ ತುಂಬಿದ ಸಿರಿಂಜ್ ಸಿದ್ಧವಾಗಿತ್ತು. ಹೆಸರು ಓದಿದ ಅಮೀರುನ್ನೀಸಾ ಅದನ್ನು ತೆಗೆದು ಆಚೆ ಇಟ್ಟರು. ಮುಕ್ಕಾಲು ಗಂಟೆಯ ಮೇಲೆ ಹೆಣ್ಣುಮಗುವಿನ ಅಳು ಕೇಳಿಸಿತು, ತಾಯಿಯೂ ಉಳಿದಳು.

ಎಲ್ಲರೂ ಹೊಗಳಿದರು. ಲತಾಮಣಿಯವರಿಗೆ ಆ ಹೊಗಳಿಕೆ ಸೇರಲಿಲ್ಲ. "ನಾನೇ ಚನ್ನಪಟ್ಟಣಕ್ಕೆ ಬಾಣಂತನಕ್ಕೆ ಹೋದವಳು. ಮೂವತ್ತು ವರ್ಷದಿಂದ ಒಬ್ಬೊಬ್ಬರನ್ನೂ ಒಂದೇ ಊರಲ್ಲಿ ಇಟ್ಟಿದೀನಲ್ಲ," ಎಂದು ಡಾಕ್ಟರ ಮುಂದೆ ತಲೆ ತಗ್ಗಿಸಿದರು. ಮರುದಿನವೇ ಚೀಟಿ ಬರೆಯಲು ಕುಳಿತರು. ತವರೂರಿನ ಸಾಲಿನಲ್ಲಿ ಕಡತವಿದ್ದರೆ ಗಂಡನ ಊರಿನ ಸಾಲಿನಲ್ಲೊಂದು ಚೀಟಿ, ಅಲ್ಲಿದ್ದರೆ ಇಲ್ಲೊಂದು. ಗೊತ್ತಿಲ್ಲದ್ದನ್ನು ಹಳ್ಳಿಹಳ್ಳಿಯ ಆಶಾ ಕಾರ್ಯಕರ್ತೆಯರಿಗೆ ಫೋನು ಮಾಡಿ ಕೇಳಿಕೊಂಡರು. ಕಂಪ್ಯೂಟರಿನ ನಮೂನೆಯಲ್ಲಿಯೂ ತವರೂರಿಗೆ ಒಂದು ಜಾಗ ಮಾಡಿಸಿದರು.

ಮೂರು ಗೋಡೆ ಮುಗಿದಿವೆ. ಕನಕಪುರದ್ದು ಅರ್ಧ ಉಳಿದಿದೆ. ನಿವೃತ್ತಿಯ ನಂತರವೂ ಗುರುವಾರಗಳಂದು ಬಂದು ಅದನ್ನು ಮುಗಿಸುತ್ತೇನೆಂದು ಅವರು ಆಡಳಿತದವರ ಒಪ್ಪಿಗೆ ಪಡೆದಿದ್ದಾರೆ. ಅವರ ಕಣ್ಣಿಗೆ ಬೆಳಕು, ಮೊಣಕಾಲಿಗೆ ಬಲ, ಬಾಳಿಗೆ ನೂರು ತುಂಬುವಷ್ಟು ಆಯಸ್ಸು ದೊರೆಯಲಿ. ಕನಕಪುರದ ಗೋಡೆಯೂ ತುಂಬಲಿ. ಹೆಣ್ಣುಮಗಳೊಬ್ಬಳನ್ನು ಯಾರು ಯಾವ ಊರಿನ ಹೆಸರು ಹೇಳಿಕೊಂಡು ಹುಡುಕಿ ಬಂದರೂ ಅವಳು ಸಿಗಲಿ.