ಊಟ ಆಯ್ತಾ ಅಂತಾರೆ

ಸ್ನೇಹಿತರೇ, ಹೊರದೇಶದಲ್ಲಿರುವ ಗಂಡನ ಬಳಿಗೆ ಹೋಗಲು ವೀಸಾ ಕೇಳಿದ್ದ ಚೇಳೂರಿನ ಹುಡುಗಿಗೆ ಇವತ್ತು ನಾನೇ ದುಭಾಷಿ.

"ಗಂಡನ ಜೊತೆ ದಿನಾ ಏನು ಮಾತಾಡ್ತೀಯಮ್ಮ?" ಅಧಿಕಾರಿಯ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ.

"ಫೋನು ಅತ್ತೆ ಹತ್ರ ಇರುತ್ತೆ ಅಕ್ಕ. ಎಲ್ರೂ ಮಾತಾಡಿದ್ಮೇಲೆ ನಂಗೆ ಕೊಡ್ತಾರೆ. ಇವ್ರು 'ಊಟ ಆಯ್ತಾ' ಅಂತಾರೆ. 'ಆಯ್ತು' ಅಂತೀನಿ."

"ಅಷ್ಟೇನಾ?" ಇದೂ ಅಧಿಕಾರಿಯ ಪ್ರಶ್ನೆಯೇ.

"ಎಲ್ರೂ ಎದುರಿಗೇ ಕೂತಿರ್ತಾರಲ್ಲಕ್ಕ, ಇನ್ನೇನ್ ಮಾತಾಡ್ಲಿ?"

ನಾನೂ ಅವಳೂರಿನ ಪಕ್ಕದ ಗುಬ್ಬಿಯ ಸೊಸೆ. ನಮ್ಮ ಕಡೆ ಸಂಸಾರ ಹೀಗೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆದರೆ ದುಭಾಷಿ ಸ್ವಂತ ಮಾತು ಸೇರಿಸುವಂತಿಲ್ಲ. ಅವಳು ಹೇಳಿದಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಈ ಮದುವೆ ನಿಜವೆಂದು ನಂಬಿಕೆ ಬರುತ್ತಿಲ್ಲ ಎಂದು ವೀಸಾ ನಿರಾಕರಿಸಿದರು.

ಹೊರಗೆ ಕಾದಿದ್ದ ಅತ್ತೆ ಅಳುತ್ತಲೇ ಮಗನಿಗೆ ವಿಷಯ ತಿಳಿಸಿ, ಫೋನನ್ನು ಸೊಸೆಯ ಕೈಗೆ ಕೊಟ್ಟರು. ಬೆಳಗಿನಿಂದ ಒಂದು ತೊಟ್ಟು ಕಾಫಿಯನ್ನೂ ಕುಡಿಯದ ಹುಡುಗಿ ಕೇಳಿಸಿಕೊಂಡು, "ಹ್ಞೂಂ, ಆಯ್ತು" ಎಂದಳು.

ಅದನ್ನು ಅನುವಾದ ಮಾಡಲು ಮಾತ್ರ ನನ್ನನ್ನು ಯಾರೂ ಕರೆಯಲಿಲ್ಲ.